ಇಳಕಲ್ ತುಂಡಿನ ಕೌದಿ

ಫೋಟೊದಲ್ಲಿ ಯಾರ ಮುಖವೂ ಬರಬಾರದು. ಅಕ್ಕೋರು ಹಾಕಿದ್ದ ಷರತ್ತು ಅದೊಂದೇ.

ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಲೆ ಅವರು ರಾಯಬಾಗದ ಆಚೆ, ಕಬ್ಬಿನ ಹೊಲಗಳ ನಡುವೆ, ಗಂಡನ ಹೊಡೆತಕ್ಕೆ ಮನೆ ಬಿಟ್ಟು ಬಂದ ಹೆಂಗಸರಿಗಾಗಿ ಒಂದು ಆಸರೆಮನೆ ನಡೆಸುತ್ತಿದ್ದರು. ಚಿಂಚಲಿ ಮಾಯವ್ವನ ದರ್ಶನಕ್ಕೆ ಹೋದಾಗಲೆಲ್ಲ ನಾನು ಅಲ್ಲಿಗೂ ಹೋಗಿ, ಕೈಲಾದಷ್ಟು ಜೋಳ ಕೊಟ್ಟು ಬರುತ್ತಿದ್ದೆ. ಒಂದು ಮಳೆಗಾಲ ಅಲ್ಲಿನ ಅಡುಗೆಮನೆಯ ತಗಡು ಗಾಳಿಗೆ ಹಾರಿಹೋಗಿತ್ತು. ಕೊಡೆ ಹಿಡಿದುಕೊಂಡು ರೊಟ್ಟಿ ಬಡಿಯುತ್ತಿದ್ದವರನ್ನು ನೋಡಿ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ.

ಆಗ ಎಲ್ಲರ ಮೊಬೈಲಿಗೂ ಇಂಟರ್‌ನೆಟ್ ಬಂದ ಹೊಸತು. ನನ್ನ ರಂಗೋಲಿಗಳಿಗಾಗಿ ಅಕ್ಕನ ಮಗಳು ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಬೆಳಗ್ಗೆ ಅಂಗಳದಲ್ಲಿ ಹಾಕಿದ್ದನ್ನು ಫೋಟೊ ತೆಗೆದು ಅದರಲ್ಲಿ ಹಾಕುತ್ತಿದ್ದೆ. ಊರೂರಿನ ಹೆಂಗಸರು ನೋಡುತ್ತಿದ್ದರು. ಅದೇ ವೆಬ್‌ಸೈಟಿನಲ್ಲಿ ಆಸರೆಮನೆಯವರು ಹೊಲಿದ ಕೌದಿಗಳನ್ನು ಮಾರಿ ತಗಡು ಹಾಕಿಸೋಣ ಎಂದೆ. ನಮ್ಮ ಮನೆಯವರು ನಕ್ಕರು. "ಕೌದಿ ಮಾರಾಕ ವೆಬ್‌ಸೈಟ್ ಯಾಕಬೇಕ? ಗುರುವಾರ ಸಂತ್ಯಾಗ ಹಾಸ್ಕೊಂಡ ಕುಂದ್ರು. ನಾನೂ ಬಂದು ಕೂಗತೇನಿ."

ಷರತ್ತಿನಂತೆ ಮುಖ ಬರಲಿಲ್ಲ, ಕೈ ಕೂಡ ಬರಲಿಲ್ಲ. ಬರೀ ಕೌದಿ. ಆದರೆ ನಮ್ಮ ಕಡೆ ಹಾಸಿಗೆ ಹೊದಿಕೆಯನ್ನು ಮುಟ್ಟಿ ನೋಡದೆ ಯಾರೂ ಕೊಳ್ಳುವುದಿಲ್ಲವಲ್ಲ. ಹಾಗಾಗಿ 'ಬಂದು ನೋಡಬಹುದು' ಎಂದು ಬರೆದು ಚಿಕ್ಕೋಡಿಯ ನಮ್ಮ ಮನೆಯ ವಿಳಾಸವನ್ನೇ ಹಾಕಿದೆ. ದೊಡ್ಡ ಜಾಣತನ ಮಾಡಿದೆ ಅಂತಲೇ ತಿಳಿದಿದ್ದೆ.

ಎಂಟು ಕೌದಿ ಹೋದವು. ಒಂಬತ್ತನೆಯದನ್ನು ಹಾಕಿದ ಮೂರನೆಯ ದಿನ ವೆಬ್‌ಸೈಟಿಗೆ ಒಂದು ಸಂದೇಶ ಬಂತು. ಹೆಸರಿಲ್ಲ. 'ನಡುವಿನ ಇಳಕಲ್ ತುಂಡು ನಮ್ಮ ಮನಿ ಸೀರೀದು. ಹೊಲದಾಕಿ ಎಲ್ಲಿ ಅದಾಳ?'

ಒಲೆಯ ಮೇಲೆ ಹಾಲಿತ್ತು. ಉಕ್ಕಿ ಹೋದದ್ದು ವಾಸನೆ ಬಂದ ಮೇಲೆ ಗೊತ್ತಾಯಿತು. ಕೌದಿ ಎಂದರೆ ಮನೆಯ ಹಳೆಯ ಸೀರೆಗಳೇ. ಗುರುತಿಗೆ ಮುಖ ಬೇರೆ ಯಾಕೆ ಬೇಕು? ಹುಟ್ಟಿದಾಗಿನಿಂದ ಕೌದಿ ಹೊದ್ದವಳು ನಾನು, ಇಷ್ಟು ನನಗೆ ಹೊಳೆದಿರಲಿಲ್ಲ.

ಫೋಟೊ ತೆಗೆದುಹಾಕಿ ಅಕ್ಕೋರಿಗೆ ಫೋನ್ ಮಾಡಿದೆ. ಅವರು ಎಲ್ಲ ಹೇಳಿದರು. ಅದನ್ನು ಹೊಲಿದವಳು ಅಥಣಿ ಕಡೆಯ ಒಂದು ಹಳ್ಳಿಯವಳು. ತಲೆಗೆ ಗಾಯವಾಗಿ, ಎರಡು ವರ್ಷದ ಮಗಳನ್ನು ಅತ್ತೆಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಇನ್ನೊಮ್ಮೆ ಕೈಗೆ ಸಿಕ್ಕರೆ ಜೀವಸಹಿತ ಬಿಡುವುದಿಲ್ಲ ಎಂದು ಗಂಡ ಹೇಳಿದ್ದನಂತೆ.

"ಇನ್ನೊಂದ ಮಾತು," ಎಂದರು ಅಕ್ಕೋರು. "ಆಕಿ ಎಡಚಿ. ಎಲ್ಲಾರೂ ಅಂಚಿನಿಂದ ಬಲಕ್ಕ ಸುತ್ತಿ ನಡುವ ಬರ್ತಾರ. ಆಕಿ ಎಡಕ್ಕ ಸುತ್ತಿ ಬರ್ತಾಳ. ಕೌದಿ ಕಂಡ್ರ ಮನಿಯವ್ರು ಕೈ ಗುರ್ತ ಹಿಡೀತಾರ. ಅದನ್ನ ಮನ್ಯಾಗ ಇಟ್ಕೋಬ್ಯಾಡ್ರಿ."

ಹರವಿ ನೋಡಿದೆ. ಹೌದು, ದಾರವೆಲ್ಲ ಎಡಕ್ಕೆ ತಿರುಗಿತ್ತು.

ಮರುದಿನ ಹನ್ನೊಂದರ ಬಸ್ಸಿಗೆ ಅದನ್ನು ವಾಪಸ್ ಒಯ್ಯಲೆಂದು ಚೀಲಕ್ಕೆ ತುಂಬಿ ಪಡಸಾಲೆಯಲ್ಲಿಟ್ಟಿದ್ದೆ. ಮನೆಯವರು ಆಫೀಸಿಗೆ ಹೋಗಿದ್ದರು. ದೇವರಿಗೆ ದೀಪ ಹಚ್ಚಿ ಹೊರಗೆ ಬರುವಷ್ಟರಲ್ಲಿ ಗೇಟಿನ ಮುಂದೆ ಒಂದು ಮೋಟರ್‌ಸೈಕಲ್ ನಿಂತಿತು. ಮೂವತ್ತರ ಆಸುಪಾಸಿನ ಒಬ್ಬ ಗಂಡಸು, ಹಿಂದೆ ಅವನ ತಾಯಿ. ಅವರು ಬರುವುದು ಇನ್ನು ಕಾಲು ತಾಸು ತಡವಾಗಿದ್ದರೆ ನಾನು ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ದಾರಿಯಲ್ಲಿರುತ್ತಿದ್ದೆ, ಅವನು ಆಸರೆಮನೆಯವರೆಗೂ ನನ್ನ ಬೆನ್ನ ಹಿಂದೆ ಇರುತ್ತಿದ್ದ. ಇದನ್ನು ಈಗಲೂ ಮಾಯವ್ವನ ಕೃಪೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ.

"ಕೌದಿ ನೋಡಾಕ ಬಂದೀವ್ರಿ ಬಾಯಾರ," ಎಂದ. ಮಾತು ಮೆತ್ತಗಿತ್ತು. "ನಡುವ ಇಳಕಲ್ ತುಂಡಿಂದು ಒಂದ ಇತ್ತಲ್ರಿ. ನಿನ್ನಿಯಿಂದ ಕಾಣವಲ್ದು."

ನಾನು ಬಾಯಿ ತೆರೆಯುವ ಮೊದಲೇ ಅವನ ಕಣ್ಣು ಚೀಲದ ಮೇಲೆ ಬಿತ್ತು. ಪಡಸಾಲೆಗೆ ಬಂದು, ಕೌದಿಯನ್ನು ಹೊರಗೆಳೆದು ತಾಯಿಯ ಕೈಗಿಟ್ಟ. ಆಕೆ ಕಟ್ಟೆಯ ಮೇಲೆ ಕುಳಿತು ಅದನ್ನು ಹರವಿಕೊಂಡಳು.

"ಯಾರ ಹೊಲದಾರ?" ಎಂದು ಅವನು ಕೇಳಿದ.

"ನಾನಽ." ಒಳಗೆ ದೀಪ ಉರಿಯುತ್ತಿತ್ತು. ದೇವರ ಮುಂದೆಯೇ ಸುಳ್ಳು.

"ಸೀರಿ?"

"ಹಳಿ ಅರಿವಿ ತಗೊಂಡು ಪಾತ್ರಿ-ಭಾಂಡೆ ಕೊಡಾಕಿ ಬರ್ತಾಳಲ್ರಿ, ಆಕಿ ಕಡಿಂದ ತಗೊಂಡೆ. ಯಾರದೋ ಏನೋ."

ಅವನು ನಕ್ಕ. "ಅವ್ವಾ, ಹೊಲಿಗಿ ನೋಡು. ನಿನಗ ಗುರ್ತ ಸಿಗತೈತಿ. ಬಾಯಾರ, ಸೂಜಿ ತರ್ರಿ. ನಮ್ಮವ್ವನ ಮುಂದ ನಾಕ ಹೊಲಿಗಿ ಹಾಕಿ ತೋರಸ್ರಿ. ನಿಮ್ಮ ಕೈ ಆದ್ರ ನಾವು ಹೋಗತೇವಿ. ಅಲ್ದಿದ್ರ ಕುಂದ್ರತೇವಿ."

ಸೂಜಿ ತರಲು ಒಳಗೆ ಹೋದೆ. ದೇವರ ಕೋಣೆಯ ಮುಂದೆ ನಿಂತಾಗ ಕ್ಷಮೆ ಕೇಳಬೇಕೆಂದೂ ನೆನಪಾಗಲಿಲ್ಲ. ತಾಯೀ, ದಾರ ಸೂಜಿಯೊಳಗೆ ಹೋಗಲಿ ಎಂದಷ್ಟೇ ಬೇಡಿಕೊಂಡೆ. ಮೂರನೆಯ ಸಲಕ್ಕೆ ಹೋಯಿತು.

ಕೌದಿಯ ಅಂಚಿನಲ್ಲಿ, ಆ ಅಥಣಿ ಕಡೆಯವಳ ಹೊಲಿಗೆಯ ಪಕ್ಕದಲ್ಲೇ, ಹೊಲಿದೆ. ಎಡಗೈಯಲ್ಲಿ ಹಾಕಲು ನನಗೆಲ್ಲಿ ಬರಬೇಕು? ನನ್ನ ದಾರ ಬಲಕ್ಕೆ ಹೋಯಿತು, ಅವಳದು ಎಡಕ್ಕೆ. ಎತ್ತು ಎಮ್ಮೆ ಜೋಡಿ ಕಟ್ಟಿದ ಹಾಗಿತ್ತು.

ಮುದುಕಿ ಬಗ್ಗಿ ನೋಡಿದಳು. ಮೊದಲು ನನ್ನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಎಡಕ್ಕೆ ತಿರುಗಿದ ಹೊಲಿಗೆಯ ಮೇಲೆ, ಮೂಲೆಯವರೆಗೂ. ಆಮೇಲೆ ಬೆರಳನ್ನು ಸೀರೆಯ ತುಂಡಿನ ಮೇಲಿಟ್ಟು ಅಲ್ಲೇ ಬಿಟ್ಟಳು.

"ಈಕೀದಽ ಕೈ," ಎಂದಳು. "ನಡಿ."

"ಸರ್ಯಾಗಿ ನೋಡ ಬೇ."

"ಸೊಸೀಗೆ ಸೂಜಿ ಹಿಡಿಯಾಕ ಕಲಿಸಿದಾಕಿ ನಾನು. ನನಗ ಗೊತ್ತಾಗಂಗಿಲ್ಲೇನ? ಇಂಥಾ ಸೀರಿ ಊರಾಗ ನೂರ ಅದಾವ." ಅಷ್ಟು ಹೇಳಿ ಕೌದಿಯನ್ನು ಮಡಚಿ ಎದೆಗೆ ಅವಚಿಕೊಂಡಳು. "ಇಷ್ಟ ದೂರ ಕರಕೊಂಡ ಬಂದಿ. ಥಂಡಿ ದಿನ ಬಂದೂವು. ಇದನ್ನರ ಕೊಡಸು."

ಅವನು ಗೊಣಗುತ್ತ, ಬೆಲೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡಿ, ನೋಟುಗಳನ್ನು ಕಟ್ಟೆಯ ಮೇಲೆ ಒಗೆದ. ಆಸರೆಮನೆಯ ತಗಡಿಗೆ ಅವನ ಹಣವೂ ಸೇರಿತು.

ಅವನು ಮೋಟರ್‌ಸೈಕಲ್ ತಿರುಗಿಸುವಾಗ ಮುದುಕಿ ಗೇಟಿನ ಬಳಿ ನಿಂತು, ನನ್ನ ಮುಖ ನೋಡದೆ ಕೇಳಿದಳು. "ಕೂಸು ಆರಾಮ ಐತೇನ?"

ಒಂದು 'ಹೂಂ' ಸಾಕಿತ್ತು. ಆದರೆ ಮಗನೇ ಹೇಳಿಕೊಟ್ಟು ಕೇಳಿಸಿದ್ದರೆ? ಈಗ ಬಿಟ್ಟು, ಗೇಟಿನಲ್ಲಿ ಹಿಡಿಯುವ ಉಪಾಯವಾಗಿದ್ದರೆ?

"ಯಾವ ಕೂಸ್ರಿ?" ಎಂದೆ.

ಆಕೆ ತಲೆಯಾಡಿಸಿ, ಸೆರಗು ಹೊದ್ದುಕೊಂಡು, ಮಗನ ಹಿಂದೆ ಹತ್ತಿ ಕುಳಿತಳು.

ಎರಡು ತಿಂಗಳು ನಾನು ಆಸರೆಮನೆಯ ಕಡೆ ಹೆಜ್ಜೆ ಇಡಲಿಲ್ಲ. ಗೇಟು ಸಪ್ಪಳವಾದರೆ ಮೊದಲು ಕಿಟಕಿಯಿಂದ ನೋಡುತ್ತಿದ್ದೆ. ವಿಳಾಸ ತೆಗೆಸಿದೆ. ಹಳೆಯ ಸೀರೆಯ ಕೌದಿಗಳನ್ನು ವೆಬ್‌ಸೈಟಿನಲ್ಲಿ ಹಾಕುವುದನ್ನೇ ಬಿಟ್ಟು, ಚಿಕ್ಕೋಡಿಯ ಟೇಲರ್‌ಗಳ ಹತ್ತಿರ ಕಟ್‌ಪೀಸ್ ಬೇಡಿ ಕಳಿಸತೊಡಗಿದೆ. ಹಣವನ್ನು ಮನೆಯವರೇ ಬ್ಯಾಂಕಿನಿಂದ ಹಾಕುತ್ತಿದ್ದರು. ಸಂತೆಯ ಚೇಷ್ಟೆಯನ್ನು ಅವರು ಮತ್ತೆ ಎತ್ತಲಿಲ್ಲ.

ಕೊನೆಗೆ ಹೋದೆ. ರಾಯಬಾಗಕ್ಕೆ ಹೋಗಬೇಕಾದವಳು ಮೊದಲು ನಿಪ್ಪಾಣಿಯ ಬಸ್ ಹತ್ತಿ, ಅಲ್ಲಿಂದ ತಿರುಗಿ ಬಂದು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಲೇ ಹೋದೆ. ಅಡುಗೆಮನೆಗೆ ಹೊಸ ತಗಡು ಬಂದಿತ್ತು. ಅದರ ಕೆಳಗೆ ಕುಳಿತು ಆ ಅಥಣಿ ಕಡೆಯವಳು ಕೌದಿ ಹೊಲಿಯುತ್ತಿದ್ದಳು, ಕೂಸು ಪಕ್ಕದಲ್ಲಿ ಮಲಗಿತ್ತು. ನಡೆದದ್ದೆಲ್ಲ ಹೇಳಿದೆ. ಗೇಟಿನ ಮಾತನ್ನೂ ಬಿಡಲಿಲ್ಲ.

"ನೀವೇನಂದ್ರಿ?"

"ಯಾವ ಕೂಸು ಅಂದೆ."

ಅವಳ ಎಡಗೈ ನಿಂತಿತು. "ಛಲೋ ಮಾಡಿದ್ರಿ ಬಿಡ್ರಿ," ಎಂದಳು. ಮತ್ತೆ ಎರಡು ಹೊಲಿಗೆ ಹಾಕಿ, ತಲೆ ಎತ್ತದೆ, "ಕೂಸು ಹುಟ್ಟಿದಾಗಿಂದ ಅತ್ತಿ ಮಗ್ಗಲದಾಗ ಮಲಗತಿತ್ರಿ," ಎಂದಳು.