ಐವತ್ತರ ಲೆನ್ಸಿನ ಬಿಳಿ ಕಲೆ

ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಬಳಿ ಒಂದು ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಇತ್ತು. ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸ್‌ನಲ್ಲಿದ್ದ ಹಿರಿಯರೊಬ್ಬರು ನಿವೃತ್ತರಾಗಿ ಊರಿಗೆ ಹೊರಡುವಾಗ ಪ್ರೀತಿಯಿಂದ ಕೊಟ್ಟುಹೋದದ್ದು. ಆ ಜಾತಿಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಚಿತ್ರ ತೆಗೆಯುವ ಲೆನ್ಸ್ ಬೇರೆ. ಕಿಂಡಿಯಲ್ಲಿ ಎಲ್ಲವೂ ಚೊಕ್ಕಟವಾಗಿಯೇ ಕಾಣುತ್ತದೆ. ಲೆನ್ಸ್ ಏನು ಕಂಡಿತೆಂಬುದು ರೋಲ್ ತೊಳೆಸಿ ಪ್ರಿಂಟ್ ಕೈಗೆ ಬರುವವರೆಗೂ ತಿಳಿಯುವುದಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬರುವ ನನ್ನಂಥ ಪುಕ್ಕಲನಿಗೆ ಹೇಳಿ ಮಾಡಿಸಿದ ಶಿಕ್ಷೆ ಅದು.

ಅದರಲ್ಲಿದ್ದದ್ದು ಐವತ್ತು ಎಂಎಂನ ಮಾಮೂಲಿ ಲೆನ್ಸ್. ಆದರೆ ಅದಕ್ಕೊಂದು ಗುಣವಿತ್ತು. ಬೆಳಕು ಬಿಡುವ ರಂಧ್ರವನ್ನು ಪೂರ್ತಿ ತೆರೆದು ಫೋಟೋ ತೆಗೆದರೆ ಕಣ್ಣಿನ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ, ಹಿಂದಿನ ಗಿಡಮರವೆಲ್ಲ ಕರಗಿ ಮೆತ್ತಗಾಗುತ್ತಿತ್ತು. ಎದುರು ಬೆಳಕು ಮಾತ್ರ ಅದಕ್ಕೆ ಆಗುತ್ತಿರಲಿಲ್ಲ. ಚಿತ್ರದ ಒಂದು ಮೂಲೆಯಲ್ಲಿ ಏನಾದರೂ ಥಳಥಳಿಸುತ್ತಿದ್ದರೆ, ಅದರ ಎದುರು ದಿಕ್ಕಿನಲ್ಲಿ ಹಾಲು ಚೆಲ್ಲಿದಂತೆ ಒಂದು ಬಿಳಿ ಕಲೆ ಬೀಳುತ್ತಿತ್ತು. ಇದಕ್ಕೆ ಫ್ಲೇರ್ ಎಂಬ ಹೆಸರಿದೆಯೆಂದು ಆಮೇಲೆ ಓದಿ ತಿಳಿದೆ. ಶಿವಮೊಗ್ಗದ ಕೋಟೆಯ ಹತ್ತಿರ ನಾನು ರೋಲ್ ತೊಳೆಸುತ್ತಿದ್ದ ಸ್ಟುಡಿಯೋದವರು "ಲೈಟ್ ಹೊಡೆದಿದೆ ಸಾರ್" ಎಂದು ಮುಖ ಸಿಂಡರಿಸುತ್ತಿದ್ದರು. ನನಗೋ ಆ ಕಲೆಯ ಮೇಲೆ ಸ್ವಲ್ಪ ಮೋಹವೇ ಇತ್ತು.

ತಂಗಿಗೆ ಗಂಡು ನೋಡಲು ಶುರು ಮಾಡಿದಾಗ ಅವಳು ಹೇಳಿದ್ದು ಇಷ್ಟೇ: "ಫೋಟೋ ತೆಗೆಸೋಕೆ ಸ್ಟುಡಿಯೋಗೆ ಹೋಗೋಣ ಅಣ್ಣ." ನಾನು ಕೇಳಲಿಲ್ಲ. ಸ್ಟುಡಿಯೋದ ನೀಲಿ ಪರದೆ ಮುಂದೆ ಎಲ್ಲ ಹುಡುಗಿಯರೂ ಒಂದೇ ಥರ ಕಾಣುತ್ತಾರೆಂದು ಜಂಭ ಕೊಚ್ಚಿ, ಭದ್ರಾ ಹೊಳೆಯ ದಂಡೆಗೆ ಕರೆದೊಯ್ದು ನಿಲ್ಲಿಸಿದೆ. ಕೆಳಗೆ ಎಡಮೂಲೆಯಲ್ಲಿ ನೀರು ಬಿಸಿಲಿಗೆ ಮಿಂಚುತ್ತಿತ್ತು. ಪ್ರಿಂಟ್ ಬಂದಾಗ ಅವಳ ದವಡೆಯಿಂದ ಕತ್ತಿನವರೆಗೆ ಒಂದು ಬಿಳಿ ಕಲೆ ಬಿದ್ದಿತ್ತು. ಆದರೆ ನಗು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ನನ್ನ ಕಣ್ಣಿಗೆ ಆ ಕಲೆ ಬರೀ ಬೆಳಕು. ಗಂಡಿನ ಮನೆಗೆ ಅದನ್ನೇ ಕಳಿಸಿದೆ.

ವಾರದೊಳಗೆ, ಸಂಬಂಧ ತಂದಿದ್ದ ದೂರದ ಚಿಕ್ಕಪ್ಪ ಬಸ್ ಸ್ಟ್ಯಾಂಡಿನಲ್ಲಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಅಲ್ಲ ಮಾರಾಯ, ಹುಡುಗಿ ಕತ್ತಿನ ಹತ್ರ ತೊನ್ನು ಇದೆಯಂತಲ್ಲ? ನೋಡೋಕೇ ಬರಲ್ಲ ಅಂತಿದಾರೆ. ಮೊದಲೇ ಒಂದು ಮಾತು ಹೇಳಬಾರದಿತ್ತಾ?"

ಈ ಮಾತು ಆ ಒಂದು ಮನೆಯಲ್ಲಿ ನಿಲ್ಲುವಂಥದ್ದಲ್ಲ. ಇನ್ನು ನಾಲ್ಕು ಕಡೆ ಹರಡಿದರೆ ಅವಳನ್ನು ಯಾರೂ ಕೇಳಿಕೊಂಡು ಬರುವುದಿಲ್ಲ. ತೊನ್ನಿದ್ದರೆ ಏನಾಯಿತು ಎಂದು ಕೇಳುವ ಧೈರ್ಯ ನನಗಾಗ ಇರಲಿಲ್ಲ. ನೆಗೆಟಿವ್ ತೋರಿಸೋಣವೆಂದರೆ ಕಲೆ ಅದರಲ್ಲೂ ಇತ್ತು. ಬೇರೆ ಫೋಟೋ ಕೊಟ್ಟರೆ ಟಚಿಂಗ್ ಮಾಡಿಸಿ ಕಲೆ ಅಳಿಸಿದ್ದಾರೆ ಅನ್ನುತ್ತಾರೆ.

ಮನೆಗೆ ಬಂದಾಗ ತಂಗಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಓಲೆ ತಿರುಪು ಸಡಿಲ ಆಗಿದೆ ನೋಡು, ಬಿದ್ದುಹೋಗುತ್ತೆ. ಬಿಸಿಲಿಗೆ ಬಾ, ಸರಿಮಾಡ್ತೀನಿ" ಎಂದೆ. ಅವಳು ಜಡೆ ಸರಿಸಿ ಕತ್ತು ವಾಲಿಸಿ ನಿಂತಳು. ದವಡೆಯಿಂದ ಕತ್ತಿನವರೆಗೆ ಬಿಸಿಲು ಬಿತ್ತು. ತಿರುಪನ್ನು ಒಂದು ಸುತ್ತು ತಿರುಗಿಸಿ ಬಿಟ್ಟೆ.

ಮಾರನೆಯ ದಿನ ಕ್ಯಾಮೆರಾಕ್ಕೆ ಹೊಸ ರೋಲ್ ಹಾಕಿಕೊಂಡು ಶಿವಮೊಗ್ಗದ ರವೀಂದ್ರನಗರಕ್ಕೆ, ಗಂಡಿನ ಮನೆಗೆ ಹೋದೆ. ಹುಡುಗನ ತಾಯಿ ಬಾಗಿಲಲ್ಲೇ ಮಾತು ಮುಗಿಸುವಂತೆ ನಿಂತಿದ್ದರು. ನಾನು ತೊದಲುತ್ತಾ ಲೆನ್ಸಿನ ಕಥೆ ಹೇಳಿ, "ನಿಮ್ಮದೇ ಫೋಟೋ ತೆಗೆದು ತೋರಿಸ್ತೀನಮ್ಮ" ಎಂದೆ.

"ಅದಕ್ಕೆ ಇಷ್ಟೆಲ್ಲ ಯಾಕಪ್ಪ? ಹುಡುಗೀನೇ ಕರ್ಕೊಂಡು ಬರಬಹುದಿತ್ತಲ್ಲ?"

"ಅವಳನ್ನ ಪರೀಕ್ಷೆಗೆ ನಿಲ್ಲಿಸೋಕಾಗಲ್ಲಮ್ಮ" ಎಂದೆ. ಹಾಗೆಂದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಅವರು ಸೆರಗು ಸರಿಮಾಡಿಕೊಂಡು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಅವರ ಕಾಲ ಬಳಿ ಎಡಕ್ಕೆ ಒಂದು ಕೊಳಗದಲ್ಲಿ ನೀರು ತುಂಬಿಸಿ ಬಿಸಿಲಿಗಿಟ್ಟೆ. ವರ್ಷಗಟ್ಟಲೆ ಆ ಕಲೆ ಯಾವಾಗ ಎಲ್ಲಿ ಬೀಳುತ್ತದೋ ಎಂದು ನೋಡಿದವನು, ಅಂದು ಇಂಥ ಕಡೆಯೇ ಬೀಳಲಿ ಎಂದು ಬೇಡಿಕೊಂಡೆ. ಕಿಂಡಿಯಲ್ಲಿ ಅವರ ಮುಖ ಚೊಕ್ಕಟವಾಗಿತ್ತು. ಬಗ್ಗಿ, ಎದ್ದು, ಅರ್ಧ ಹೆಜ್ಜೆ ಸರಿದು ಏಳು ಫೋಟೋ ತೆಗೆದೆ. ಏಳರಲ್ಲೂ ಏನೂ ಬೀಳದಿದ್ದರೆ? ಸುಳ್ಳುಗಾರನೆಂಬ ಹೆಸರು ನನಗೆ, ಕಲೆ ಶಾಶ್ವತವಾಗಿ ತಂಗಿಗೆ.

ಸ್ಟುಡಿಯೋದಲ್ಲಿ ಪ್ರಿಂಟಿಗೆ ಎರಡು ದಿನ ಬೇಕೆಂದರು. ಮೂರನೆಯ ದಿನ ಅಲ್ಲೇ ನಿಂತು ಕವರ್ ಬಿಚ್ಚಿದೆ. ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಗೋಡೆಯ ಮೇಲೆ ಬಿದ್ದಿತ್ತು. ಮುಂದಿನ ಮೂರು ಶುಭ್ರ. ಆರನೆಯದರಲ್ಲಿ ಅವರ ಕೆನ್ನೆಯಿಂದ ಗದ್ದದವರೆಗೆ ಅಗಲವಾಗಿ, ಬೆಳ್ಳಗೆ ಕೂತಿತ್ತು.

"ಇದೂ ಲೈಟ್ ಹೊಡೆದಿದೆ ಸಾರ್" ಎಂದರು ಸ್ಟುಡಿಯೋದವರು. ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಹುಡುಗನ ತಾಯಿ ಫೋಟೋವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಅದೇ ಬೆರಳಿನಿಂದ ತಮ್ಮ ಗದ್ದ ಮುಟ್ಟಿಕೊಂಡರು. "ಇದನ್ನ ಯಾರಿಗೂ ತೋರಿಸಬೇಡಪ್ಪ" ಎಂದು ಮೆಲ್ಲಗೆ ಹೇಳಿದರು. ಅವರ ದನಿಯಲ್ಲಿದ್ದ ಭಯ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. "ಭಾನುವಾರ ಹುಡುಗಿ ನೋಡೋಕೆ ಬರ್ತೀವಿ ಅಂತ ಮನೇಲಿ ಹೇಳು."

ಗೆದ್ದವನಂತೆ ಭದ್ರಾವತಿಗೆ ಬಂದು ಎಲ್ಲವನ್ನೂ ತಂಗಿಗೆ ಒಂದೇ ಉಸಿರಿಗೆ ಹೇಳಿದೆ. ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಅವಳು ಪಕ್ಕಕ್ಕೆ ಸರಿಸಿದಳು. ನಗುತ್ತಾಳೆಂದುಕೊಂಡಿದ್ದೆ.

"ಪಾಪ, ಅವರಿಗೆ ಲೆನ್ಸಿನ ವಿಷಯ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು" ಎಂದಳು. ಅವಳ ಕೈ ಕಿವಿಯ ಹತ್ತಿರ ಹೋಯಿತು. "ಆವತ್ತು ನನ್ನ ಓಲೆ ತಿರುಪು ಗಟ್ಟಿಯಾಗೇ ಇತ್ತು ಅಣ್ಣ."