ಏದುಸಿರಿನವನು

ಕಾರ್ಖಾನೆಯ ತೊಟ್ಟಿಗೆ ಮೊದಲು ಇಳಿಯುವವನಿಗೆ ಕೊಡಬೇಕಾದ ಆರು ತಿಂಗಳ ಭತ್ಯೆ ಇನ್ನೂ ಬಾಕಿ ಇದೆ. ತಿದಿಯ ಹೊಟ್ಟೆ ಉರಿದದ್ದು ಬಾಕಿಗಲ್ಲ. ಆ ಭತ್ಯೆಯನ್ನು ತನ್ನ ಷಡ್ಡಕನ ಹೆಸರಿಗೆ ಬರೆದದ್ದಕ್ಕೆ.

ತಿದಿ ಎಂದು ಹೆಸರಿಟ್ಟವರು ಜೊತೆಯ ಕೆಲಸದವರೇ. ತುಕ್ಕು ಕೆರೆಯಲು ಕಬ್ಬಿಣದ ತೊಟ್ಟಿಗೆ ಇಳಿದರೆ ಎಲ್ಲರಿಗಿಂತ ಮೊದಲು ಕುಲುಮೆಯ ತಿದಿಯಂತೆ ಬುಸುಗುಡುವವನು ಅವನು. ಹತ್ತೊಂಬತ್ತು ವರ್ಷ ಇದೇ ಕೆಲಸ. ಷಡ್ಡಕ ಬಂದು ಎರಡು ವರ್ಷವೂ ಆಗಿಲ್ಲ, ಒಂದು ದಿನ ಏದುಸಿರು ಬಿಟ್ಟವನಲ್ಲ.

"ಆಳು ಅಂದ್ರೆ ಅವನು," ಎನ್ನುತ್ತಿದ್ದ ಮೇಸ್ತ್ರಿ.

"ನಮ್ಮ ಭಾವನಿಗೆ ದಮ್ಮಿದೆ, ನಿಮಗೆ ಬಾಯಿದೆ," ಎನ್ನುತ್ತಿದ್ದಳು ತಿದಿಯ ಹೆಂಡತಿ.

ವರ್ಷದಿಂದ ಮುಚ್ಚಿದ್ದ ತೊಟ್ಟಿಯೊಂದನ್ನು ತೆರೆದ ದಿನ ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನು ತಿಂದು ಹಾಕುತ್ತದೆ. ವಾಸನೆಯಿಲ್ಲ, ಕಣ್ಣುರಿಯಿಲ್ಲ. ಸ್ವಲ್ಪ ಹೊತ್ತಿಗೇ ತಿದಿ ಬುಸುಗುಡತೊಡಗಿದ. ಇವನಿಗಿಂತ ಮೊದಲು ಹತ್ತಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ ನಿಂತ.

"ಹತ್ತೋ, ಕುಲುಮೆ ಶುರುವಾಯ್ತು," ಎಂದು ಷಡ್ಡಕ ನಕ್ಕ.

"ನೀನು ಹತ್ತಣ್ಣ, ಆಮೇಲೆ ನೋಡೋಣ."

ಏನೋ ಠಣ್ಣೆಂದು ಬಿತ್ತು. ತಿದಿ ದೀಪ ತಿರುಗಿಸಿದ. ಷಡ್ಡಕನ ತುಟಿ ನೇರಳೆ ಹಣ್ಣಿನಂತಾಗಿತ್ತು. ಕೆರೆಯುವ ತಗಡು ಕೆಳಗೆ ಬಿದ್ದಿತ್ತು. ಅವನು ಬರಿಗೈಯಲ್ಲೇ ಗೋಡೆ ಕೆರೆಯುತ್ತಿದ್ದ, ನಗುಮುಖದಲ್ಲಿ. ಉಸಿರು ಮಾತ್ರ ಮಲಗಿದ ಮಗುವಿನದು. ತಿದಿ ಎರಡೂ ಹಗ್ಗ ಜಗ್ಗಿದ. ಮೇಲಿದ್ದವರು ಇಬ್ಬರನ್ನೂ ಎಳೆದುಕೊಂಡರು.

ಆಸ್ಪತ್ರೆಯ ಡಾಕ್ಟರಮ್ಮ ಷಡ್ಡಕನ ಕತ್ತಿನ ಎರಡೂ ಬದಿಯ ಹಳೆಯ ಹೊಲಿಗೆ ಗುರುತು ನೋಡಿದರು. ಹಿಂದೆ ಗಡ್ಡೆ ತೆಗೆಸಿದ್ದನಂತೆ. ತಲೆಗೆ ರಕ್ತ ಒಯ್ಯುವ ನಾಳ ಕವಲೊಡೆಯುವ ಕಡೆ, ಆಚೆಗೊಂದು ಈಚೆಗೊಂದು, ಅಕ್ಕಿಕಾಳಿನಷ್ಟು ಜೀವಕೋಶಗಳ ಗಂಟಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಕೋಶಗಳು ನರ ಹಿಡಿದು ಮಿದುಳಿಗೆ ಕೂಗು ಹಾಕುತ್ತವೆ, ಉಸಿರು ಜೋರಾಗುತ್ತದೆ. ಗಡ್ಡೆಯ ಜೊತೆಗೆ ಷಡ್ಡಕನ ಎರಡು ಗಂಟೂ ಹೋಗಿದ್ದವು.

"ದಮ್ಮೂ ಇಲ್ಲ ಗಿಮ್ಮೂ ಇಲ್ಲ, ಇವರೊಳಗೆ ಕೂಗೋರಿಲ್ಲ ಅಷ್ಟೆ," ಎಂದರು.

ಷಡ್ಡಕ ಬಹಳ ಹೊತ್ತು ತಿದಿಯ ಕತ್ತನ್ನೇ ನೋಡಿದ. "ಪುಣ್ಯ ಮಾಡಿದ್ದೀಯ ಕಣೋ."

"ಈಗ ನನ್ನ ಕತ್ತಿನ ಮೇಲೂ ಕಣ್ಣು ಬಿತ್ತಾ?"

ಆಗ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು ಎಂದು ತೊಟ್ಟಿ ಕೆಲಸಕ್ಕೆ ಆಳು ಒದಗಿಸುವ ನನಗೆ ತಿದಿಯೇ ಹೇಳಿದ, ನಾಚಿಕೆಯಿಲ್ಲದೆ.

ಮರುವಾರ ಮೇಸ್ತ್ರಿ ಏದುಸಿರು ಬಿಡದ ಇನ್ನೊಬ್ಬನನ್ನು ಹುಡುಕುತ್ತಿದ್ದ. ತೊಟ್ಟಿ ಇಟ್ಟುಕೊಂಡ ನೀವೂ ಅಷ್ಟೇ, ತೊಟ್ಟಿ ತೊಳೆಸಲು ಗಟ್ಟಿ ಆಳು ಕಳಿಸಿ ಎನ್ನುತ್ತೀರಿ. ಆಳಿನ ದಮ್ಮು ಅಳೆಯುವುದನ್ನು ಬಿಡಿ. ಮೊದಲು ಆಮ್ಲಜನಕ ಅಳೆಯುವ ಮೀಟರ್ ಇಳಿಸಿ. ಇಲ್ಲವಾದರೆ ಮುಚ್ಚಳ ತೆಗೆಯಬೇಡಿ.