ಅಕ್ಕನ ಕಡೆಯ ಹೆಪ್ಪು

ಆ ಬೀದಿಯಲ್ಲಿ ಮೊಸರಮ್ಮನ ಮೊಸರು ತಿನ್ನದೆ ಬೆಳೆದವರು ಯಾರೂ ಇರಲಿಲ್ಲ. ಪಾತ್ರೆ ಬೋರಲು ಹಾಕಿದರೂ ಬೀಳದಂಥ ಮೊಸರು. ಈಗಿನ ಡಬ್ಬಿ ಮೊಸರಿಗೆ ಕೊನೆಯ ದಿನಾಂಕವಿರುತ್ತದೆ, ಅದಕ್ಕಿದ್ದದ್ದು ವಂಶ. ಮೊಸರಮ್ಮನ ಅತ್ತೆ ತನ್ನ ಇಬ್ಬರು ಸೊಸೆಯರ ಕೈಗೂ ಒಂದೊಂದು ಚಮಚ ಹೆಪ್ಪು ಕೊಟ್ಟು, "ಮನೆ ಒಡೆದರೂ ಇದು ಕೆಡಬಾರದು" ಅಂದಿದ್ದರು.

ಮನೆ ಒಡೆಯಿತು. ನಡುವೆ ಗೋಡೆ ಎದ್ದಿತು. ಆಚೆ ಹಿರಿಯ ಓರಗಿತ್ತಿ, ಈಚೆ ಮೊಸರಮ್ಮ. ಇಬ್ಬರಿಗೂ ಒಂದೊಂದು ಹಸು. ಜಗಳ ಬಂದದ್ದು ಮಾತ್ರ ಒಡವೆಗಲ್ಲ, ಸಗಣಿ ನೀರಿಗೆ. ಮೊಸರಮ್ಮನ ಕೊಟ್ಟಿಗೆ ತೊಳೆದ ನೀರು ಗೋಡೆಯ ಕಿಂಡಿ ದಾಟಿ ಓರಗಿತ್ತಿಯ ಬದನೆ ಪಾತಿಗೆ ಹರಿಯುತ್ತಿತ್ತು. ಅಲ್ಲಿನ ಕಾಯಿ ಮಿರಮಿರ ಮಿಂಚುವುದನ್ನು ನೋಡಲಾರದೆ ಮೊಸರಮ್ಮ ಕಿಂಡಿಗೊಂದು ಕಲ್ಲಿಟ್ಟು ನೀರನ್ನು ತನ್ನ ಪಾತಿಗೆ ತಿರುಗಿಸಿಕೊಂಡಳು. ಕಿಂಡಿಯ ಜೊತೆಗೆ ಮಾತೂ ಕಟ್ಟಿಹೋಯಿತು.

ಒಮ್ಮೆ ಮೊಸರಮ್ಮನ ಹಸುವಿಗೆ ಕೆಚ್ಚಲು ಬಾತಿತು. ದನದ ಡಾಕ್ಟರು ಸೂಜಿ ಚುಚ್ಚಿ, ಬಾಯಿಗೂ ಮದ್ದು ಹಾಕಿ, "ನಾನು ಹೇಳುವ ತನಕ ಹಾಲು ಚೆಲ್ಲಿಬಿಡಿ" ಎಂದರು. ಹಾಲು ಚೆಲ್ಲುವುದೇ? ಮೊಸರಮ್ಮನಿಗೆ ಕೈ ಬರಲಿಲ್ಲ. ಮಾರಲಿಲ್ಲ, ನಿಜ. ಆದರೆ ಬಾವಿಲ್ಲದ ಮೊಲೆಯ ಹಾಲು ಮನೆಗಾದರೂ ಆಗಲಿ ಎಂದು ಕಾಯಿಸಿ, ಉಳಿದಿದ್ದ ಹೆಪ್ಪನ್ನೆಲ್ಲ ಅದಕ್ಕೇ ಹಾಕಿದಳು. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಸಂಜೆಗೂ ಹಾಗೇ. ಮರುದಿನ ನಾತ. ಅತ್ತ ಹಸು, ಬಾವು ಇಳಿದರೂ ಹುಲ್ಲು ಮೂಸದೆ, ಮೆಲುಕು ಹಾಕದೆ ನಿಂತಿತ್ತು.

"ಅತ್ತೆ ಕೊಟ್ಟ ಹೆಪ್ಪು ಸತ್ತೇ ಹೋಯ್ತಾ, ಡಾಕ್ಟ್ರೇ?"

"ಒಳ್ಳೇ ಕ್ರಿಮಿ ಯಾವುದು, ಕೆಟ್ಟದ್ದು ಯಾವುದು ಅಂತ ಮದ್ದಿಗೆ ಗೊತ್ತಾಗುತ್ತಾ, ಅಮ್ಮ? ಪಾತ್ರೆಯಲ್ಲೂ ಕೊಂದಿದೆ, ಹಸುವಿನ ಹೊಟ್ಟೆಯಲ್ಲೂ ಕೊಂದಿದೆ. ಹುಲ್ಲು ಅರಗಿಸಿಕೊಡೋದೇ ಒಳಗಿರೋ ಆ ಕ್ರಿಮಿಗಳು. ಈಗ ಹೊಟ್ಟೆಗೂ ಹೆಪ್ಪು ಹಾಕಬೇಕು. ಚೆನ್ನಾಗಿರೋ ಹಸು ಮೆಲುಕು ಹಾಕ್ತಿರುವಾಗ ಬಾಯಿಂದ ಒಂದು ಹಿಡಿ ತೆಗೆದು ಇದಕ್ಕೆ ತಿನ್ನಿಸಿ. ಪಕ್ಕದಲ್ಲೇ ಇದೆಯಲ್ಲ."

ಪಕ್ಕದಲ್ಲೇ. ಬೀದಿಯವರೆಲ್ಲ ಕೊಂಡು ತಿನ್ನುವವರು, ಯಾರೂ ಹೆಪ್ಪು ಉಳಿಸಿಕೊಂಡವರಲ್ಲ. ಅತ್ತೆಯ ಹೆಪ್ಪು ಇನ್ನೆಲ್ಲಾದರೂ ಬದುಕಿದ್ದರೆ ಅದೂ ಆ ಮನೆಯಲ್ಲೇ. ಮೊಸರಮ್ಮ ಬಟ್ಟಲು ಹಿಡಿದು ಹೋಗಿ ಹೊಸಿಲಾಚೆ ನಿಂತಳು.

"ಏನು, ಮೊಸರಿನ ಮಹಾರಾಣಿ ಖಾಲಿ ಬಟ್ಟಲು ಹಿಡಿದು ಬಂದಿದ್ದಾಳೆ?"

"ಹೆಪ್ಪು ಹೋಯ್ತು, ಅಕ್ಕ. ಹಸು ಹೊಟ್ಟೇದೂ ಹೋಯ್ತು."

"ಅತ್ತೆಯದ್ದಾ?" ಓರಗಿತ್ತಿಯ ದನಿ ಇಳಿಯಿತು. ಒಳಗೆ ಹೋಗಿ ಬಟ್ಟಲು ತುಂಬಿ ತಂದಳು. "ನಮ್ಮದು ಸ್ವಲ್ಪ ಹುಳಿ. ನನ್ನ ಮೂತೀನೂ ಹಾಗೇ ಅಂತ ಬೀದಿಗೆಲ್ಲ ಹೇಳಿದ್ದೀಯಂತೆ."

"ಹೇಳಿದ್ದೆ."

"ಸರಿ ಬಾ, ಹಸು ಹತ್ರ ಹೋಗೋಣ."

ಓರಗಿತ್ತಿ ತನ್ನ ಹಸುವಿನ ಬಾಯಿಗೆ ಕೈ ಹಾಕಿ ಹಸಿರು ಮುದ್ದೆ ತೆಗೆದಳು. ಈಚೆ ಬಂದು ಒಬ್ಬಳು ದವಡೆ ಹಿಡಿದರೆ ಇನ್ನೊಬ್ಬಳು ತುರುಕಿದಳು. ಇಬ್ಬರ ಸೆರಗಿಗೂ ಜೊಲ್ಲು. ಮತ್ತೆ ಮತ್ತೆ ಹಾಗೆ ತಿನ್ನಿಸಿದ ಮೇಲೆ ಒಂದು ಮಧ್ಯಾಹ್ನ ಹಸು ಕಣ್ಣು ಅರೆಮುಚ್ಚಿ, ನಿಧಾನವಾಗಿ ದವಡೆ ಆಡಿಸತೊಡಗಿತು. ಇಬ್ಬರೂ ಕೊಟ್ಟಿಗೆಯಲ್ಲೇ ಕುಳಿತು ನೋಡಿದರು.

"ಆ ಕಲ್ಲು ತೆಗೀತೀನಿ, ಅಕ್ಕ. ನೀರು ನಿಮ್ಮ ಕಡೇನೂ ಬರಲಿ."

"ಸಗಣೀಲಿರೋ ಮದ್ದು ಪೂರ್ತಿ ಇಳಿದ ಮೇಲೆ ತೆಗಿ. ನನ್ನ ಬದನೆಗೇನೂ ಕೆಚ್ಚಲು ಬಾತಿಲ್ಲ."

ಆಮೇಲಿನ ಮೊಸರಿಗೆ ತುಸು ಹುಳಿ ಸೇರಿಕೊಂಡಿತು. ಯಾರಾದರೂ ಮುಖ ಕಿವುಚಿದರೆ ಮೊಸರಮ್ಮ, "ಅದು ನಮ್ಮಕ್ಕನ ಕಡೇದು, ಸುಮ್ನೆ ತಿನ್ನಿ" ಅನ್ನುತ್ತಿದ್ದಳು.